ನಾಲ್ಕು ದೇಶ, ಒಂದು ಲೆಕ್ಕದ ಪುಸ್ತಕ

ವಿದೇಶ ಪ್ರವಾಸದ ಆಸೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬಹಳ ಕಾಲ ತಾರೀಖಿಲ್ಲದ ಆಸೆಯಾಗಿಯೇ ಉಳಿದುಬಿಡುತ್ತದೆ. ಮಕ್ಕಳ ಓದು ಮುಗಿಯಲಿ, ಮನೆ ಸಾಲ ತೀರಲಿ, ನಿವೃತ್ತಿಯ ದುಡ್ಡು ಕೈಗೆ ಬರಲಿ ಎಂದು ಮುಂದೂಡುತ್ತಲೇ ಇರುತ್ತೇವೆ. ದುಡ್ಡು ಕೂಡಿದ ಮೇಲೆ ತಾರೀಖು ಗೊತ್ತುಮಾಡೋಣ ಎನ್ನುವುದು ಎಲ್ಲರ ಮಾತು. ನನ್ನ ಅನುಭವ ಬೇರೆ. ಮೊದಲು ಲೆಕ್ಕ ಬರೆಯಬೇಕು. ಲೆಕ್ಕ ಬರೆದರೆ ತಾರೀಖು ಕಾಣುತ್ತದೆ, ತಾರೀಖು ಕಂಡ ಮೇಲೆ ದುಡ್ಡು ತಾನಾಗಿ ಕೂಡತೊಡಗುತ್ತದೆ.

ನಮ್ಮ ಹಿಂದಿನ ತಲೆಮಾರಿಗೆ ಈ ಮಾತು ಹೇಳುವಂತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಭಾರತದಿಂದ ಹೊರಡುವವರ ಕೈಗೆ ಸಿಗುತ್ತಿದ್ದ ವಿದೇಶಿ ಹಣ 8 ಡಾಲರ್. ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ಅಮೆರಿಕಕ್ಕೆ ಓದಲು ಹೋದವರ ಕಥೆಗಳನ್ನು ಎಷ್ಟೋ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ರಿಸರ್ವ್ ಬ್ಯಾಂಕು 2004ರಲ್ಲಿ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್ ತಂದಾಗ ಒಬ್ಬರಿಗೆ ವರ್ಷಕ್ಕೆ 25,000 ಡಾಲರ್ ಎಂದಿತ್ತು. ಈಗಿನ ಮಿತಿ 2,50,000 ಡಾಲರ್. ಕಾನೂನು ಕೈಬಿಟ್ಟಿದೆ. ಈಗ ನಮ್ಮನ್ನು ತಡೆಯುವುದು ಸಂಬಳದ ಮಿತಿ, ಅದಕ್ಕಿಂತ ಹೆಚ್ಚಾಗಿ ‘ಇದು ನಮ್ಮಂಥವರಿಗಲ್ಲ’ ಎಂಬ ಅಂಜಿಕೆ. ಸಂಬಳದ ಮಿತಿ ನಿಜವಾದದ್ದು, ಅದನ್ನು ಗೌರವಿಸಲೇಬೇಕು. ಅಂಜಿಕೆಗೆ ಮಾತ್ರ ಔಷಧಿ ಇದೆ.

ಆ ಔಷಧಿಯನ್ನು ನಾನು ಕಲಿತದ್ದು ಅಮ್ಮನಿಂದ. ಅಮ್ಮ ಮದುವೆಯಾಗಿ ಮೈಸೂರಿಗೆ ಬಂದಾಗಿನಿಂದ ಮನೆಖರ್ಚಿನ ಲೆಕ್ಕ ಬರೆಯುತ್ತಿದ್ದಾರೆ. ಹಾಲು, ಸೊಪ್ಪು, ಗ್ಯಾಸು, ನಮ್ಮ ಶಾಲೆ ಫೀಜು, ಯಾರದೋ ಮದುವೆಯ ಮುಯ್ಯಿ, ಎಲ್ಲವೂ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿಯಲ್ಲಿ. ಅಪ್ಪನ ಸಂಬಳ ಸಾಲದಿದ್ದಾಗ ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಟ್ಟು ತೂಗಿಸಿದ ಲೆಕ್ಕವೂ ಅದರಲ್ಲಿದೆ. ಅವರಿಗೆ ಲೆಕ್ಕ ಎಂದರೆ ಜಿಪುಣತನವಾಗಿರಲಿಲ್ಲ. ಎಲ್ಲಿ ಬಿಗಿ ಹಿಡಿದರೆ ಎಲ್ಲಿ ಕೈ ಬಿಚ್ಚಬಹುದು ಎಂದು ತಿಳಿಯುವ ದಾರಿಯಾಗಿತ್ತು. ಅಮ್ಮ, ತಂಗಿ ಮತ್ತು ನಾನು ಸೇರಿ ಸಿಂಗಪುರ, ಮಲೇಷಿಯಾ, ಥಾಯ್ಲೆಂಡ್, ಲಾವೋಸ್ ನೋಡಿಬರುವುದು ಎಂದಾದಾಗ ನಾನು ಮೊದಲು ಮಾಡಿದ ಕೆಲಸ, ಅಂಥದೇ ಒಂದು ಡೈರಿಯನ್ನು ಅಮ್ಮನ ಕೈಗೆ ಕೊಟ್ಟದ್ದು.

ಇದೇ ನಾಲ್ಕು ದೇಶ ಯಾಕೆ? ಬಹುಪಾಲು ಜನ ಪ್ರವಾಸಕ್ಕೆ ಹೊರಡುವುದು ಹೆಸರುಗಳ ಪಟ್ಟಿ ಹಿಡಿದು: ದುಬೈ, ಬಾಲಿ, ಸಿಂಗಪುರ, ವಿಯೆಟ್ನಾಂ. ಹೆಸರುಗಳು ನಕ್ಷೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಷ್ಟೂ ವಿಮಾನಗಳು ಹೆಚ್ಚುತ್ತವೆ. ಒಂದೊಂದು ವಿಮಾನದ ಹಿಂದೆಯೂ ಲಗೇಜಿನ ಶುಲ್ಕ, ನಿಲ್ದಾಣಕ್ಕೆ ಹೋಗಿಬರುವ ಟ್ಯಾಕ್ಸಿ, ನಿಲ್ದಾಣದೊಳಗಿನ ದುಬಾರಿ ಊಟ, ಕಾಯುತ್ತ ಕಳೆದುಹೋಗುವ ಅರ್ಧ ದಿನ ಸಾಲುಗಟ್ಟುತ್ತವೆ. ಆದ್ದರಿಂದ ಪಟ್ಟಿ ಬಿಟ್ಟು ಒಂದು ಗೆರೆ ಹುಡುಕಬೇಕು. ಸಿಂಗಪುರದ ಉತ್ತರ ತುದಿಯಿಂದ ಮಲೇಷಿಯಾ, ಥಾಯ್ಲೆಂಡ್ ಹಾಯ್ದು ಲಾವೋಸ್‌ನ ಲುವಾಂಗ್ ಪ್ರಬಾಂಗ್‌ವರೆಗೆ ಅಂಥ ಗೆರೆಯೊಂದಿದೆ, ಅದು ರೈಲು ಹಳಿ. ಮಲೇಷಿಯಾ, ಥಾಯ್ಲೆಂಡಿನ ಹಳಿ ನಮ್ಮ ಬೆಂಗಳೂರು–ಮೈಸೂರು ಮಾರ್ಗ ಒಂದು ಕಾಲಕ್ಕೆ ಇದ್ದ ಹಾಗೆ ಮೀಟರ್ ಗೇಜಿನದು. ಲಾವೋಸ್‌ನೊಳಗೆ 2021ರ ಡಿಸೆಂಬರಿನಲ್ಲಿ ಚೀನಾದ ನೆರವಿನಿಂದ ಶುರುವಾದ ಹೊಸ ಅಗಲದ ಹಳಿ. ಆ ಗೆರೆಯನ್ನು ಹಿಡಿದರೆ ಬೆಂಗಳೂರಿನಿಂದ ಸಿಂಗಪುರಕ್ಕೆ ಒಂದು ವಿಮಾನ, ಬ್ಯಾಂಕಾಕಿನಿಂದ ಬೆಂಗಳೂರಿಗೆ ಇನ್ನೊಂದು. ನಡುವಿನದೆಲ್ಲ ನೆಲದ ಮೇಲೆ. ಹೋದ ಊರಿನಿಂದಲೇ ವಾಪಸ್ ಹೊರಡಬೇಕು ಎಂಬ ನಿಯಮವೇನೂ ಇಲ್ಲ. ಒಂದೆಡೆ ಇಳಿದು ಇನ್ನೊಂದೆಡೆ ಹತ್ತುವ ಟಿಕೆಟ್ಟು ಎಷ್ಟೋ ಸಲ ಹೋಗಿಬರುವ ಟಿಕೆಟ್ಟಿನಷ್ಟೇ ಬೆಲೆಗೆ ಸಿಗುತ್ತದೆ.

ಹೊರಡುವ ಕಾಲವೂ ಲೆಕ್ಕದ ಭಾಗವೇ. ಶಾಲೆಗೆ ಬೇಸಿಗೆ ರಜೆ ಎಂದು ಏಪ್ರಿಲ್‌ನಲ್ಲಿ ಹೊರಟರೆ ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಆಗ ಹೊಸ ವರ್ಷದ ಹಬ್ಬ. ತುಳುನಾಡಿನವರು ಬಿಸು ಆಚರಿಸುವ ಅದೇ ಮೇಷ ಸಂಕ್ರಮಣದ ಆಸುಪಾಸು ಅಲ್ಲಿ ಊರೆಲ್ಲ ನೀರೆರಚಾಟ. ನೋಡಲು ಚೆಂದ, ಆದರೆ ಇಡೀ ದೇಶ ತನ್ನೂರಿಗೆ ಹೊರಟಿರುವುದರಿಂದ ರೈಲಿನಲ್ಲಿ ಜಾಗವಿಲ್ಲ, ಕೋಣೆಗಳ ಬೆಲೆ ಏರಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರ ಲಾವೋಸ್‌ನ ಬೆಟ್ಟಗಳಲ್ಲಿ ಹೊಲ ಸುಡುವ ಹೊಗೆ ಬೇರೆ. ನವೆಂಬರ್‌ನಿಂದ ಜನವರಿಯವರೆಗೆ ಹವೆ ಹಿತ, ಬೆಲೆ ಅಹಿತ. ನಾನು ಮೇಷ್ಟರ ಕೆಲಸದಲ್ಲಿರುವುದರಿಂದ ನಮಗೆ ಒದಗಿದ್ದು ದಸರಾ ರಜೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುತ್ತಿರುತ್ತದೆ, ಮೆಕಾಂಗ್ ತುಂಬಿ ಹರಿಯುತ್ತಿರುತ್ತದೆ, ಪ್ರವಾಸಿಗರ ಹಿಂಡು ಇನ್ನೂ ಬಂದಿರುವುದಿಲ್ಲ.

ನಮ್ಮ ಮನೆಗಳಲ್ಲಿ ದೊಡ್ಡ ಬಜೆಟ್ ಎಂದರೆ ಮದುವೆಯದು. ಛತ್ರ, ಅಡುಗೆ, ಸೀರೆ ಎಂದು ದೊಡ್ಡ ಬಾಬ್ತುಗಳನ್ನು ಮೊದಲೇ ಬರೆದಿಡುತ್ತೇವೆ. ಕೊನೆಗೆ ಕೈ ಕಚ್ಚುವುದು ಹೂವು, ವ್ಯಾನು, ನೀರಿನ ಬಾಟಲಿ, ಅವರಿವರಿಗೆ ಕೊಟ್ಟ ಭಕ್ಷೀಸು. ಪ್ರವಾಸವೂ ಹಾಗೆಯೇ. ವಿಮಾನದ ದರ ಎಲ್ಲರಿಗೂ ಗೊತ್ತು. ಮೈಸೂರಿನ ಮನೆಬಾಗಿಲಿನಿಂದ ದೇವನಹಳ್ಳಿಯ ನಿಲ್ದಾಣ ತಲುಪುವ ಬಸ್ಸಿನ ಖರ್ಚನ್ನು ಬರೆಯುವವರು ಕಡಿಮೆ. ಮಲೇಷಿಯಾದ ಹೋಟೆಲಿನಲ್ಲಿ ವಿದೇಶಿಯರು ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆಯನ್ನು ಬೇರೆಯಾಗಿ ಕೊಡಬೇಕು. ಥಾಯ್ಲೆಂಡಿನ ಎಟಿಎಂನಲ್ಲಿ ನಮ್ಮ ಕಾರ್ಡು ಹಾಕಿ ಒಂದು ಸಲ ದುಡ್ಡು ತೆಗೆದರೆ ಅಲ್ಲಿನ ಬ್ಯಾಂಕು 220 ಬಾಟ್ ಅಥವಾ ಅದಕ್ಕೂ ಮೇಲೆ ಹಿಡಿದುಕೊಳ್ಳುತ್ತದೆ. ಐನೂರು ಬಾಟ್ ತೆಗೆದರೂ ಅಷ್ಟೆ, ಹತ್ತು ಸಾವಿರ ತೆಗೆದರೂ ಅಷ್ಟೆ. ಲಾವೋಸ್‌ನ ವಿಯೆಂಟಿಯಾನ್ ಮತ್ತು ಲುವಾಂಗ್ ಪ್ರಬಾಂಗ್ ಎರಡರಲ್ಲೂ ಹೊಸ ರೈಲು ನಿಲ್ದಾಣ ಊರಿನಿಂದ ದೂರ, ಟಿಕೆಟ್ಟಿನ ಮೇಲೆ ವ್ಯಾನಿನ ಬಾಡಿಗೆ ಸೇರಿಸಿಯೇ ಓದಿಕೊಳ್ಳಬೇಕು. ಇವನ್ನೆಲ್ಲ ಮೊದಲೇ ಬರೆದಿಟ್ಟರೆ ಅವು ಬರೀ ಖರ್ಚುಗಳು. ಬರೆಯದಿದ್ದರೆ ಒಂದೊಂದೂ ಒಂದು ಸಣ್ಣ ಜಗಳ.

ಅಮ್ಮನ ಡೈರಿಯಲ್ಲಿ ಏಳು ಕಾಲಂ ಎಳೆದೆವು: ವಿಮಾನ, ಕಾಗದಪತ್ರ, ಓಡಾಟ, ಸೂರು, ಊಟ, ನೋಡುವುದು, ಆಪತ್ತು. ಆಪತ್ತಿನ ಕಾಲಂಗೆ ಒಟ್ಟು ಮೊತ್ತದ ಹತ್ತರಲ್ಲೊಂದು ಭಾಗ ಮೊದಲೇ ಎತ್ತಿಟ್ಟೆವು. ಅದನ್ನು ಮುಟ್ಟದೆ ವಾಪಸಾದರೆ ಅದೇ ಮುಂದಿನ ಪ್ರವಾಸದ ಬೀಜಧನ ಎಂದು ಅಮ್ಮನ ತೀರ್ಮಾನ.

ಕಾಗದಪತ್ರದ ಕಾಲಂನಲ್ಲಿ ಎಚ್ಚರ ಹೆಚ್ಚು ಬೇಕು. ಪಾಸ್‌ಪೋರ್ಟಿಗೆ 1,500 ರೂಪಾಯಿ, ಹತ್ತು ವರ್ಷ ಬಾಳುತ್ತದೆ. ಆದರೆ ಪ್ರವಾಸದ ಹೊತ್ತಿಗೆ ಅದರಲ್ಲಿ ಕನಿಷ್ಠ ಆರು ತಿಂಗಳ ಆಯಸ್ಸು ಉಳಿದಿರಬೇಕು. ಸಿಂಗಪುರದ ವೀಸಾಗೆ 30 ಸಿಂಗಪುರ ಡಾಲರ್, ಮೇಲೆ ಏಜೆಂಟರ ಶುಲ್ಕ. ವೀಸಾ ಸಿಗದಿದ್ದರೂ ಆ ಹಣ ಹಿಂದಿರುಗುವುದಿಲ್ಲ. ಮಲೇಷಿಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ ಮೂವತ್ತು ದಿನದ ಮಟ್ಟಿಗೆ ವೀಸಾ ಬೇಡವೆಂದಿತು. ಅದಕ್ಕೂ ತುಸು ಮುಂಚೆ, ಅದೇ ವರ್ಷದ ನವೆಂಬರಿನಲ್ಲಿ, ಥಾಯ್ಲೆಂಡ್ ಕೂಡ ಬಾಗಿಲು ತೆರೆದಿತ್ತು. ಲಾವೋಸ್‌ನಲ್ಲಿ ಗಡಿಯಲ್ಲೇ ವೀಸಾ, ನಾವು ಹೋದಾಗ ತಲೆಗೆ 40 ಡಾಲರ್. ಕೊಡುವ ನೋಟು ಗರಿಗರಿಯಾಗಿರಬೇಕು. ಹರಿದದ್ದು, ಪೆನ್ನಿನ ಗುರುತಿರುವುದು ಅಲ್ಲಿ ನಡೆಯುವುದಿಲ್ಲ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಕೊಳ್ಳುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆಯಾ ಸರಕಾರದ ಅಧಿಕೃತ ತಾಣದಲ್ಲೇ ನೋಡಿಕೊಳ್ಳಬೇಕು. ಸಿಂಗಪುರ, ಮಲೇಷಿಯಾ, ಥಾಯ್ಲೆಂಡ್ ಮೂರೂ ಈಗ ಆಗಮನದ ಚೀಟಿಯನ್ನು ಆನ್‌ಲೈನಿನಲ್ಲಿ ತುಂಬಿಸಿಕೊಳ್ಳುತ್ತವೆ. ಮೂರೂ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಯಾವ ತಾಣವೇ ಆಗಲಿ, ಸರಕಾರದ್ದಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಹೀಗೆ ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಮೊದಲ ಸಲ ಹೊರಟ ಹಿರಿಯರು.

ದುಬಾರಿ ದೇಶ ಮೊದಲಿರಬೇಕೋ ಕೊನೆಗಿರಬೇಕೋ ಎಂದು ನಾವು ಬಹಳ ಚರ್ಚಿಸಿದೆವು. ಜೊಹೊರ್ ಜಲಸಂಧಿಯ ಮೇಲೆ ಓಡುವ ಪುಟ್ಟ ರೈಲು ಈ ಚರ್ಚೆಗೆ ಒಳ್ಳೆಯ ಪಾಠ ಹೇಳಿತು. ಸಿಂಗಪುರದ ವುಡ್‌ಲ್ಯಾಂಡ್ಸ್‌ನಿಂದ ಮಲೇಷಿಯಾದ ಜೊಹೊರ್ ಬಾರುವಿಗೆ ಐದೇ ನಿಮಿಷದ ದಾರಿ. ಸಿಂಗಪುರದ ಕಡೆಯಿಂದ ಹತ್ತಿದರೆ ಟಿಕೆಟ್ಟು 5 ಸಿಂಗಪುರ ಡಾಲರ್. ಆ ಕಡೆಯಿಂದ ಬಂದರೆ 5 ರಿಂಗಿಟ್. ಅದೇ ಬೋಗಿ, ಅದೇ ನೀರು, ಅದೇ ಐದು ನಿಮಿಷ, ಆದರೆ ಒಂದು ದಿಕ್ಕಿಗೆ ಬೆಲೆ ಮೂರು ಪಟ್ಟಿಗೂ ಹೆಚ್ಚು. ಹಾಗಾದರೆ ದಿಕ್ಕು ತಿರುಗಿಸೋಣವೇ ಎಂದಳು ತಂಗಿ. ಅಮ್ಮ ಲೆಕ್ಕ ಹಾಕಿ, ಉಳಿಯುವುದು ತಲೆಗೆ ಇನ್ನೂರು ಚಿಲ್ಲರೆ ರೂಪಾಯಿ, ಅದಕ್ಕಾಗಿ ಇಡೀ ಪ್ರವಾಸವನ್ನು ತಲೆಕೆಳಗು ಮಾಡುವುದು ಬೇಡ ಎಂದರು. ದುಬಾರಿ ಊರನ್ನು ಮೊದಲು ಮುಗಿಸಿದರೆ ಉಳಿದದ್ದೆಷ್ಟು ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ, ಮುಂದಿನ ದಿನಗಳಿಗೆ ಅಳತೆ ಸಿಗುತ್ತದೆ. ಕೊನೆಗಿಟ್ಟರೆ ತೆಳುವಾದ ಕೈಚೀಲ ಹಿಡಿದು ದುಬಾರಿ ಊರಿನಲ್ಲಿ ನಿಲ್ಲಬೇಕಾಗುತ್ತದೆ. ಸಣ್ಣ ಉಳಿತಾಯ ದೊಡ್ಡ ತೀರ್ಮಾನವನ್ನು ಆಳಬಾರದು ಎನ್ನುವುದು ಆವತ್ತಿನಿಂದ ನಮ್ಮ ನಿಯಮವಾಯಿತು.

ಸಿಂಗಪುರದಲ್ಲಿ ಸೂರು ದುಬಾರಿ. ಉಳಿದದ್ದು ಜನ ಹೆದರಿಸುವಷ್ಟಿಲ್ಲ. ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದ ಸಸ್ಯೋದ್ಯಾನಕ್ಕೆ ಪ್ರವೇಶ ಉಚಿತ, ಕೊಲ್ಲಿಯ ಪಕ್ಕದ ತೋಟದಲ್ಲಿ ಸಂಜೆ ನಡೆಯುವ ಬೆಳಕು–ಸಂಗೀತದ ಆಟವೂ ಉಚಿತ. ಊಟಕ್ಕೆ ಹಾಕರ್ ಸೆಂಟರ್‌ಗಳಿವೆ. ಬೀದಿ ವ್ಯಾಪಾರಿಗಳಿಗೆ ನೆಲೆ ಕೊಟ್ಟು ಕಟ್ಟಿದ ಆ ಅಡುಗೆ ಮಾರುಕಟ್ಟೆಗಳ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆ ತಿಂದು ಅಮ್ಮ ಮೊದಲ ದಿನದ ಊಟದ ಕಾಲಂ ತುಂಬಿಸಿದರು. ಮನೆಯಿಂದ ಚಟ್ನಿಪುಡಿ, ಗೊಜ್ಜವಲಕ್ಕಿ ತಂದಿದ್ದೆವು. ಹೀಗೆ ಕೊಂಡೊಯ್ಯುವವರು ಒಂದು ವಿಷಯ ನೆನಪಿಡಬೇಕು: ಗಸಗಸೆ ಸಿಂಗಪುರದಲ್ಲಿ ನಿಷಿದ್ಧ. ಗಸಗಸೆ ಹಾಕಿದ ಮಸಾಲೆ ಪುಡಿಯನ್ನೂ ಮನೆಯಲ್ಲೇ ಬಿಡುವುದು ಕ್ಷೇಮ.

ಕ್ವಾಲಾಲಂಪುರದ ಬಾಟು ಗುಹೆಗಳ 272 ಮೆಟ್ಟಿಲು ಹತ್ತಲು ಟಿಕೆಟ್ ಇಲ್ಲ. ಅಲ್ಲಿಗೆ ನಗರದ ಲೋಕಲ್ ರೈಲೇ ಹೋಗುತ್ತದೆ. ಪೆನಾಂಗಿನ ಜಾರ್ಜ್‌ಟೌನಿನ ಹಳೆಯ ಬೀದಿಗಳನ್ನು ನಡೆದೇ ನೋಡಬೇಕು, ಕಾಲು ಸೋತರೆ ಊರು ಸುತ್ತುವ ಉಚಿತ ಬಸ್ಸಿದೆ. ಇವೆರಡರ ಬಗ್ಗೆ ಬರೆದವರು ಬಹಳ. ನನ್ನ ಮನಸ್ಸಿನಲ್ಲಿ ನಿಂತದ್ದು ಪಡಾಂಗ್ ಬೆಸಾರ್ ಎಂಬ ಗಡಿ ನಿಲ್ದಾಣ.

ಮಲೇಷಿಯಾದ ವೇಗದ ರೈಲು ನಮ್ಮನ್ನು ಅಲ್ಲಿ ಇಳಿಸಿತು. ಒಂದೇ ಕಟ್ಟಡದೊಳಗೆ ಎರಡು ದೇಶಗಳ ಕಚೇರಿ. ಒಂದು ಕೌಂಟರಿನಲ್ಲಿ ಮಲೇಷಿಯಾದ ಮುದ್ರೆ, ಕೆಲವು ಹೆಜ್ಜೆ ಆಚೆ ಥಾಯ್ಲೆಂಡಿನದು. ಆ ಕೆಲವು ಹೆಜ್ಜೆಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಸಂಜೆ ಬ್ಯಾಂಕಾಕಿನ ರಾತ್ರಿ ರೈಲು ಹೊರಟಿತು. ಥಾಯ್ ರೈಲಿನಲ್ಲಿ ಕೆಳಗಿನ ಬರ್ತಿಗೆ ಹೆಚ್ಚು ದರ, ಮೇಲಿನದಕ್ಕೆ ಕಡಿಮೆ. ಕೆಳಗಿನದು ಅಗಲ, ಕಿಟಕಿಯೂ ಅದರ ಪಾಲಿಗೆ. ಅಮ್ಮನಿಗೆ ಕೆಳಗಿನದು, ನಮಗಿಬ್ಬರಿಗೆ ಮೇಲಿನದು ಎಂದು ಮೊದಲೇ ತೆಗೆದಿದ್ದೆವು. ಕತ್ತಲಾಗುವ ಹೊತ್ತಿಗೆ ಬೋಗಿಯ ಸಹಾಯಕ ಬಂದು, ಎದುರುಬದುರು ಸೀಟುಗಳನ್ನು ಎಳೆದು ಜೋಡಿಸಿ, ಮೇಲಿನಿಂದ ಹಾಸಿಗೆ ಇಳಿಸಿ, ಬಿಳಿ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು, ಪರದೆ ಸಿಕ್ಕಿಸಿ ಮುಂದಿನ ಸೀಟಿಗೆ ಹೋದ. ಎರಡು ನಿಮಿಷವೂ ಹಿಡಿಯಲಿಲ್ಲ. ಅಮ್ಮ ಪರದೆ ಸರಿಸಿ, ದೀಪದ ಕೆಳಗೆ ಡೈರಿ ಬಿಡಿಸಿದರು. ಒಂದೇ ದಿನದ ಪುಟದಲ್ಲಿ ರಿಂಗಿಟ್ಟೂ ಬಾಟೂ. ಎರಡನ್ನೂ ರೂಪಾಯಿಗೆ ತಂದು ಕೂಡಿ, ‘ಓಡಾಟ’ದ ಕಾಲಂನಲ್ಲಿ ಟಿಕೆಟ್ಟಿನ ದರ ಬರೆದು, ‘ಸೂರು’ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದರು. ಆ ರಾತ್ರಿಗೆ ಹೋಟೆಲಿನ ಖರ್ಚಿಲ್ಲ. ರಾತ್ರಿ ರೈಲು ಒಂದೇ ದುಡ್ಡಿನಲ್ಲಿ ಎರಡು ಕಾಲಂ ತುಂಬಿಸುತ್ತದೆ. ಅಂಥ ಅಡ್ಡಗೆರೆ ಇನ್ನೊಮ್ಮೆ ಬಿದ್ದದ್ದು ಬ್ಯಾಂಕಾಕಿನಿಂದ ಲಾವೋಸ್ ಗಡಿಗೆ ಹೋದ ರಾತ್ರಿ.

ದುಡ್ಡನ್ನು ದುಡ್ಡಾಗಿ ಬದಲಿಸುವಾಗಲೇ ಬಹಳಷ್ಟು ಸೋರುತ್ತದೆ. ನಮ್ಮ ಅನೇಕ ಬ್ಯಾಂಕುಗಳ ಕಾರ್ಡುಗಳನ್ನು ಹೊರದೇಶದಲ್ಲಿ ಉಜ್ಜಿದರೆ ಶೇ 3.5ರವರೆಗೆ ಹೆಚ್ಚುವರಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಕಣ್ಣಿಗೆ ಕಾಣದೆ ಹೋಗುತ್ತದೆ. ಈ ಶುಲ್ಕವಿಲ್ಲದ ಕಾರ್ಡುಗಳೂ ಸಿಗುತ್ತವೆ, ಹೊರಡುವ ಕೆಲವು ತಿಂಗಳ ಮುಂಚೆಯೇ ಮಾಡಿಸಿಕೊಳ್ಳಬೇಕು. ಇನ್ನೊಂದು, ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ, ಬಾಟ್‌ನಲ್ಲಿ ಕೊಡುತ್ತೀರಾ’ ಎಂದು ಕೇಳುತ್ತದೆ. ರೂಪಾಯಿ ನೋಡಿದರೆ ಮನೆಯವರನ್ನು ಕಂಡಂತಾಗುತ್ತದೆ. ಆದರೂ ಆ ದೇಶದ ಹಣವನ್ನೇ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದಾಗುತ್ತದೆ. ಎಟಿಎಂನಿಂದ ತೆಗೆಯುವುದಾದರೆ ಅಲ್ಲಿರುವಷ್ಟು ದಿನಕ್ಕೆ ಬೇಕಾದುದನ್ನು ಒಂದೇ ಸಲ ತೆಗೆದು ಮೂವರಲ್ಲಿ ಹಂಚಿ ಇಟ್ಟುಕೊಳ್ಳಬೇಕು.

ದಿನಗಳ ಲೆಕ್ಕವೊಂದನ್ನು ಜನ ಉಲ್ಟಾ ಹಾಕುತ್ತಾರೆ. ರಜೆ ಕಡಿಮೆ ಮಾಡಿದರೆ ಖರ್ಚು ಕಡಿಮೆ ಎಂದುಕೊಳ್ಳುತ್ತಾರೆ. ವಿಮಾನ ಮತ್ತು ವೀಸಾಗೆ ಒಬ್ಬರಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಆರು ದಿನಕ್ಕೆ ಹೋದರೆ ದಿನವೊಂದಕ್ಕೆ 5,000 ಬಿತ್ತು; ಹದಿನೈದು ದಿನವಿದ್ದರೆ 2,000. ಈ ನಾಲ್ಕು ದೇಶಗಳ ಸಾಲಿನಲ್ಲಿ ಸಿಂಗಪುರ ದಾಟಿದರೆ ಇರುವ ಖರ್ಚು ಇಳಿಯುತ್ತದೆ. ದುಡ್ಡು ತಿನ್ನುವುದು ದಾಟುವಿಕೆ. ಆದ್ದರಿಂದ ಒಂದು ದೇಶ ಕಡಿಮೆಯಾದರೂ ಚಿಂತೆಯಿಲ್ಲ, ಇದ್ದ ಊರಿನಲ್ಲಿ ಇನ್ನೆರಡು ರಾತ್ರಿ ಹೆಚ್ಚು ಇರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ವಿಯೆಟ್ನಾಮಿನ ಇ–ವೀಸಾ 25 ಡಾಲರ್ ಅಷ್ಟೆ, ಪಕ್ಕದಲ್ಲೇ ಇದೆ, ಅದನ್ನೂ ಸೇರಿಸೋಣ ಎಂದು ನಮಗೂ ಆಸೆಯಾಗಿತ್ತು. ವೀಸಾ ಅಗ್ಗ, ನಿಜ. ಆ ದೇಶ ಸಾವಿರದ ಏಳುನೂರು ಕಿಲೋಮೀಟರಿನ ರೈಲು ಹಾದಿಯ ಉದ್ದಕ್ಕೂ ಚಾಚಿಕೊಂಡಿದೆ, ಅದಕ್ಕೆ ತನ್ನದೇ ಒಂದು ರಜೆ ಬೇಕು. ಬಿಟ್ಟೆವು.

ಬಿಟ್ಟ ಆ ದಿನಗಳೇ ನಮಗೆ ಲುವಾಂಗ್ ಪ್ರಬಾಂಗ್ ಕೊಟ್ಟವು. ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿಯನ್ನು ವಿಯೆಂಟಿಯಾನಿನಿಂದ ಹೊಸ ರೈಲು ಎರಡು ಗಂಟೆಯಲ್ಲಿ ಮುಗಿಸಿತು. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವಲ್ಲಿ ನೆಲೆಸಿದ ಆ ಪಟ್ಟಣ 1995ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮಳೆಗಾಲದ ಮೂರು ತಿಂಗಳು ವಿಹಾರದೊಳಗೇ ಇದ್ದ ಭಿಕ್ಷುಗಳ ವ್ರತ ಮುಗಿಯುವುದು ಅಕ್ಟೋಬರಿನ ಹುಣ್ಣಿಮೆಗೆ, ಸಾಮಾನ್ಯವಾಗಿ ನಮ್ಮ ಶೀಗಿ ಹುಣ್ಣಿಮೆಯ ಹೊತ್ತಿಗೇ. ಆಗ ಓಣಿ ಓಣಿಯವರು ಬಿದಿರು, ಕಾಗದದಿಂದ ದೊಡ್ಡ ದೋಣಿ ಕಟ್ಟಿ, ಒಳಗೆ ದೀಪ ತುಂಬಿ, ಮೆರವಣಿಗೆಯಲ್ಲಿ ತಂದು ಮೆಕಾಂಗಿಗೆ ಬಿಡುತ್ತಾರೆ. ನಮ್ಮ ದಿನಗಳು ಆ ಹುಣ್ಣಿಮೆಗೆ ಕೂಡಿಬಂದಿದ್ದವು. ನೋಡಲು ಟಿಕೆಟ್ಟಿಲ್ಲ. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಬಂದು ಊರವರಿಂದ ಅನ್ನ ಸ್ವೀಕರಿಸುವುದನ್ನೂ ರಸ್ತೆಯ ಈಚೆ ಬದಿಯಲ್ಲಿ ನಿಂತು ನೋಡಬಹುದು. ಅಲ್ಲಿ ಪ್ರವಾಸಿಗರಿಗೆಂದೇ ಅನ್ನದ ಬುಟ್ಟಿ ಮಾರುವವರಿದ್ದಾರೆ. ಅದನ್ನು ಕೊಂಡು ಫೋಟೊಗಾಗಿ ಸಾಲಿನಲ್ಲಿ ಕೂರುವುದಕ್ಕಿಂತ ದೂರ ನಿಲ್ಲುವುದೇ ಆ ಊರಿಗೆ ನಾವು ಕೊಡಬಹುದಾದ ಮರ್ಯಾದೆ.

ಅಲ್ಲಿನ ರಾತ್ರಿ ಸಂತೆಯಲ್ಲಿ ಹ್ಮಾಂಗ್ ಜನಾಂಗದ ಹೆಂಗಸರು ತಾವೇ ಕಸೂತಿ ಹಾಕಿದ ಚೀಲ, ಹೊದಿಕೆಗಳನ್ನು ನೆಲದ ಮೇಲೆ ಹರಡಿ ಕೂತಿದ್ದರು. ತಂಗಿ ಒಂದು ಚೀಲಕ್ಕೆ ಚೌಕಾಸಿ ಶುರುಮಾಡಿದಳು. ಅಮ್ಮ ಚೀಲವನ್ನು ಕೈಗೆತ್ತಿಕೊಂಡು ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿದರು. ದಾರ ಎಲ್ಲೂ ಸಡಿಲ ಬಿಟ್ಟಿರಲಿಲ್ಲ. ‘ಇದಕ್ಕೆ ನಾಲ್ಕು ಸಂಜೆಯಾದರೂ ಹಿಡಿದಿರುತ್ತೆ, ಅವಳು ಕೇಳಿದ್ದು ಕೊಡು’ ಎಂದರು. ರವಿಕೆ ಹೊಲಿದು ಮಕ್ಕಳ ಫೀಜು ಕಟ್ಟಿದವರ ಮಾತು ಅದು. ಹತ್ತು ಸಾವಿರ ಕಿಪ್ ಕಡಿಮೆ ಮಾಡಿಸಿದರೆ ನಮಗೆ ಉಳಿಯುವುದು ನಲವತ್ತು ರೂಪಾಯಿಯ ಆಸುಪಾಸು. ಎಟಿಎಂಗೆ, ಬ್ಯಾಂಕಿಗೆ, ನಕಲಿ ತಾಣಗಳಿಗೆ ಹೋಗಬಹುದಾಗಿದ್ದ ದುಡ್ಡನ್ನು ಬಿಗಿ ಹಿಡಿದದ್ದೇ ಇಂಥ ಕಡೆ ಕೈ ಬಿಚ್ಚಲಿಕ್ಕೆ. ಬಜೆಟ್ ಎನ್ನುವುದು ಎಲ್ಲರ ಬಳಿಯೂ ಒಂದೇ ಸಮನೆ ಕಡಿಮೆ ಕೊಡುವ ಹಟವಾಗಬಾರದು. ದುಡ್ಡು ಯಾರ ಕೈ ಸೇರಬೇಕು ಎಂದು ನಾವೇ ಆರಿಸಿಕೊಳ್ಳುವ ಹಕ್ಕು ಅದು.

ಉಳಿತಾಯ ಮಾಡಬಾರದ ಬಾಬ್ತುಗಳೂ ಇವೆ. ಪ್ರವಾಸ ವಿಮೆ ಮಾಡಿಸದೆ ಹೊರಡಬಾರದು, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ. ರಾತ್ರಿ ತಡವಾಗಿ ಇಳಿದರೆ ನಡೆಯದೆ ಟ್ಯಾಕ್ಸಿ ಹಿಡಿಯಬೇಕು. ಮಾತ್ರೆಗಳನ್ನು ಚೀಟಿ ಸಮೇತ ಮನೆಯಿಂದಲೇ ಒಯ್ಯಬೇಕು. ಒಳ್ಳೆಯ ಚಪ್ಪಲಿ ಬೇಕು. ಸಸ್ಯಾಹಾರಿಗಳು ಊಟಕ್ಕಾಗಿ ಪರದಾಡಬೇಕಿಲ್ಲ: ಥಾಯ್ಲೆಂಡಿನಲ್ಲಿ ಕೆಂಪಕ್ಷರದ ಹಳದಿ ಬಾವುಟವಿರುವ ಅಂಗಡಿಯಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಇನ್ನು ಗುಂಪಿನ ಪ್ಯಾಕೇಜ್ ಪ್ರವಾಸವನ್ನು ಹಳಿಯಲು ನನಗೆ ಮನಸ್ಸಿಲ್ಲ. ಒಂಟಿ ಹಿರಿಯರಿಗೆ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರಿಗೆ ಅದು ದೊಡ್ಡ ಆಸರೆ. ಕೊಳ್ಳುವಾಗ ತೆರಿಗೆಯ ಸಾಲನ್ನು ಓದಿಕೊಳ್ಳಬೇಕು ಅಷ್ಟೆ. ಪ್ಯಾಕೇಜಿನ ಮೇಲೆ ಮಾರುವವರೇ ಹಿಡಿಯುವ ಟಿಸಿಎಸ್ ಎಂಬ ಮುಂಗಡ ತೆರಿಗೆ ಮುಂದೆ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ ಅಥವಾ ವಾಪಸ್ ಸಿಗುತ್ತದೆ, ಆದರೆ ಮೊದಲು ಕೈಯಿಂದ ಹೋಗುತ್ತದೆ.

ಬೇರೆ ದಿಕ್ಕಿಗೆ ಹೊರಡುವವರು ಇದೇ ಲೆಕ್ಕವನ್ನು ನಕಲು ಮಾಡುವಂತಿಲ್ಲ. ಒಂದೊಂದು ಸೀಮೆಗೂ ಅದರದೇ ಒಂದು ದುಬಾರಿ ಕಾಲಂ ಇದೆ, ಅದನ್ನು ಮೊದಲು ಕಂಡುಹಿಡಿಯಬೇಕು. ಯುರೋಪಿನಲ್ಲಿ 90 ಯೂರೋ ಶುಲ್ಕದ ಒಂದೇ ಷೆಂಗೆನ್ ವೀಸಾಗೆ 29 ದೇಶಗಳ ಬಾಗಿಲು ತೆರೆಯುತ್ತದೆ. ಗಡಿ ದಾಟುವುದು ಸಲೀಸು, ಸೂರು ದುಬಾರಿ. ಆದ್ದರಿಂದ ಅಲ್ಲಿ ಪ್ಯಾರಿಸ್, ಜೂರಿಕ್‌ಗಳಲ್ಲಿ ರಾತ್ರಿ ಕಡಿಮೆ ಮಾಡಿ ಪ್ರಾಗ್, ಬುಡಾಪೆಸ್ಟ್, ಕ್ರಾಕೋಗಳಲ್ಲಿ ಹೆಚ್ಚಿಸಿಕೊಳ್ಳುವುದು ಜಾಣತನ. ಭೂತಾನ್ ಭಾರತೀಯರಿಂದ ದಿನಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಪಡೆಯುತ್ತದೆ. ಅಲ್ಲಿ ಒಂದೊಂದು ದಿನಕ್ಕೂ ಬೆಲೆ. ನೇಪಾಳಕ್ಕೆ ನಮಗೆ ವೀಸಾ ಬೇಡ, ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರವೂ ದಶಕಗಳಿಂದ ಸ್ಥಿರ. ಮೊದಲ ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ನಕ್ಷೆಯ ಮೇಲೆ ಒಂದು ಗೆರೆ ಆರಿಸಿ, ಏಳು ಕಾಲಂ ಹಾಕಿ, ದುಬಾರಿ ಕಾಲಂ ಯಾವುದೆಂದು ಹುಡುಕಿ. ಒಟ್ಟು ಮೊತ್ತವನ್ನು ನಿಮ್ಮ ಸಂಬಳಕ್ಕೆ ಹೊರೆಯಾಗದಷ್ಟು ತಿಂಗಳುಗಳಿಗೆ ಭಾಗಿಸಿ. ಹದಿನೆಂಟು ತಿಂಗಳಾಗಲಿ, ಮೂವತ್ತಾಗಲಿ, ಆ ಕೊನೆಯ ತಿಂಗಳೇ ನಿಮ್ಮ ತಾರೀಖು. ಸೋಮವಾರ ಬ್ಯಾಂಕಿಗೆ ಹೋಗಿ ಅಷ್ಟು ಅವಧಿಗೆ ಒಂದು ಆರ್‌ಡಿ ತೆರೆಯಿರಿ. ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ತನ್ನ ಆಯಸ್ಸನ್ನೆಲ್ಲ ಇತರರ ಖರ್ಚು ತೂಗಿಸುವುದರಲ್ಲೇ ಕಳೆದ ಒಬ್ಬರು ಇರುತ್ತಾರೆ. ಅವರಷ್ಟು ಚೆನ್ನಾಗಿ ಬಜೆಟ್ ಬಲ್ಲವರು ಇನ್ನೊಬ್ಬರಿಲ್ಲ. ಪುಸ್ತಕವನ್ನು ಅವರ ಕೈಗೇ ಕೊಡಿ, ಮೊದಲ ಟಿಕೆಟ್ಟನ್ನು ಅವರ ಹೆಸರಿಗೇ ತೆಗೆಯಿರಿ.